ರಾಣಿ ಕಾಲದ ಬಂಡಿ

ನಮ್ಮ ಹೊಳೆಸಾಲಿನ ಕಡೆ ಯಾವ ಮನೆಗೆ ಹೋದರೂ ಎರಕದ ಬಂಡಿಗೆ, ಅಂದರೆ ಎರಕದ ಕಬ್ಬಿಣದ ಕಾವಲಿಗೆ, ಒಂದು ವಂಶಾವಳಿ ಇರುತ್ತದೆ. ನನ್ನ ಅಮ್ಮನಂತೂ ತನ್ನ ದೋಸೆ ಬಂಡಿಯನ್ನು ಗೇರುಸೊಪ್ಪೆ ರಾಣಿಯ ಕಾಲಕ್ಕೇ ಒಯ್ದು ಮುಟ್ಟಿಸುತ್ತಿದ್ದಳು. ಆ ರಾಣಿ ಚೆನ್ನಭೈರಾದೇವಿ ಆಳಿದ್ದು ಹದಿನಾರನೆಯ ಶತಮಾನದಲ್ಲಿ. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದದ್ದು ಎಲ್ಲರಿಗೂ ಗೊತ್ತು. ಅವಳ ಬಂದರುಗಳಲ್ಲಿ ಕಬ್ಬಿಣಕ್ಕೇನೂ ಬರ ಇರಲಿಲ್ಲ. ಆದರೆ ಅಮ್ಮನ ಬಂಡಿಯಂಥದ್ದು ಆ ಕಬ್ಬಿಣದಿಂದ ಆಗುವಂಥದ್ದಲ್ಲ.

ಸುಮಾರು 1516ರಲ್ಲಿ ಈ ಕರಾವಳಿಯ ಬಗ್ಗೆ ಬರೆದ ಪೋರ್ಚುಗೀಸ ದುವಾರ್ತೆ ಬಾರ್ಬೋಸಾ, ಭಟ್ಕಳದಿಂದ ಹಡಗು ಹತ್ತುವ ಸರಕುಗಳಲ್ಲಿ ಅಕ್ಕಿ, ಸಕ್ಕರೆಯ ಜೊತೆ ಕಬ್ಬಿಣವನ್ನೂ ಹೇಳುತ್ತಾನೆ. ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಿಂದ ಬಂದ ಹಡಗುಗಳು ವಿಜಯನಗರಕ್ಕೆ ಬೇಕಾದ ಕುದುರೆಗಳನ್ನು ಇಲ್ಲಿ ಇಳಿಸಿ, ಇಲ್ಲಿಯ ಸರಕು ತುಂಬಿಕೊಂಡು ಮರಳುತ್ತಿದ್ದವು.

ಆಗಿನ ಕಬ್ಬಿಣ ಬಡಿದ ಕಬ್ಬಿಣ. ಮಣ್ಣಿನ ಕುಲುಮೆಯಲ್ಲಿ ಅದಿರು, ಇದ್ದಿಲು ತುಂಬಿ ತೊಗಲಿನ ತಿದಿ ಒತ್ತಿದರೆ ಕೊನೆಗೆ ಸಿಗುತ್ತಿದ್ದುದು ಕಿಟ್ಟ ಬೆರೆತ, ತೂತು ತೂತಾದ ಒಂದು ಮುದ್ದೆ. ಅದು ಕರಗಿ ನೀರಾಗುತ್ತಿರಲಿಲ್ಲ. ಕಾಸಿ, ಬಡಿದು, ಮತ್ತೆ ಕಾಸಿ ಕಿಟ್ಟ ಹೊರಗೆ ಹಾಕಬೇಕು. ಕತ್ತಿ, ಗುದ್ದಲಿ, ಮೊಳೆ, ತೆಳ್ಳನೆಯ ಕಾವಲಿ ಇಷ್ಟಕ್ಕೆ ಅದು ಒಗ್ಗುತ್ತದೆ. ಅಚ್ಚಿಗೆ ಹೊಯ್ದು ದಪ್ಪ ತಳದ ಬಂಡಿ ಮಾಡಬೇಕಾದರೆ ಕಬ್ಬಿಣ ಇದ್ದಿಲನ್ನು ಚೆನ್ನಾಗಿ ಹೀರಿಕೊಂಡು, ಸುಮಾರು 1,150 ಡಿಗ್ರಿಯಲ್ಲಿ ಕರಗಿ ಹರಿಯಬೇಕು. ಅದಕ್ಕೆ ದೊಡ್ಡ ಊದುಕುಲುಮೆಯೇ ಬೇಕು. ಆಗ ಬಡವರ ಒಲೆಯ ಮೇಲೆ ಇದ್ದದ್ದು ಹೆಚ್ಚಾಗಿ ಮಣ್ಣಿನ ಓಡು, ಮಣ್ಣಿನ ಗಡಿಗೆ.

ಚೀನಾದವರು ಎರಡು ಸಾವಿರ ವರ್ಷಗಳ ಹಿಂದೆಯೇ ಕಬ್ಬಿಣವನ್ನು ಎರಕ ಹೊಯ್ಯುತ್ತಿದ್ದರು. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಹೊಯ್ಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1707ರಲ್ಲಿ. ನಮ್ಮ ಘಟ್ಟದ ಮೇಲೆ ಭದ್ರಾವತಿಯ ಊದುಕುಲುಮೆ ಉರಿದದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು. ಈಚೆಗೆ ಬೆಳಗಾವಿಯಲ್ಲಿ ಫೌಂಡ್ರಿಗಳ ಸಾಲೇ ಬೆಳೆಯಿತು. ಅಮ್ಮನ ಬಂಡಿ ಈ ಎರಕದ ಕಾಲದ ಕೂಸು. ರಾಣಿಗಿಂತ ಮುನ್ನೂರು ವರ್ಷಕ್ಕೂ ಚಿಕ್ಕದು.

ವಯಸ್ಸು ಕಡಿಮೆಯಾದರೇನು, ಪಳಗಿದ್ದು ನಮ್ಮ ಕೈಯಲ್ಲೇ. ಹೊಸ ಬಂಡಿಯನ್ನು ಅಮ್ಮ ಗಂಜಿತಿಳಿಯಲ್ಲಿ ನೆನೆಹಾಕಿ, ತೊಳೆದು ಒರೆಸಿ, ತೆಂಗಿನೆಣ್ಣೆ ಸವರಿ ಕಾಸುತ್ತಿದ್ದಳು. ಹೀಗೆ ಹಲವು ಸಲ. ತೆಳುವಾಗಿ ಸವರಿದ ಎಣ್ಣೆ ಕಾವಿಗೆ ಗಟ್ಟಿಯಾಗಿ, ಕಬ್ಬಿಣಕ್ಕೆ ಕಚ್ಚಿ ಕಪ್ಪು ಚರ್ಮವಾಗುತ್ತದೆ. ಆಮೇಲೆ ಮಸಾಲೆ ಹಚ್ಚಿದ ಇಸ್ವಾಣದ ತುಂಡು ಹಾಕಿದರೂ ತಳ ಹಿಡಿಯುವುದಿಲ್ಲ. ದಪ್ಪ ತಳ ಕಾವನ್ನು ಕೂಡಿಟ್ಟುಕೊಂಡಿರುವುದರಿಂದ ತಣ್ಣನೆಯ ಮೀನು ಬಿದ್ದರೂ ಬಂಡಿ ಥಟ್ಟನೆ ಆರದು. ಅದಕ್ಕೇ ಮೇಲೆ ಗರಿಗರಿ, ಒಳಗೆ ಮೆತ್ತಗೆ. ಮೀನಿನ ಬಂಡಿ ಬೇರೆ, ದೋಸೆಯದು ಬೇರೆ ಎಂಬ ಕಟ್ಟುನಿಟ್ಟೂ ಇದರ ಜೊತೆಯದೇ. ವಾಸನೆ ಆ ಚರ್ಮದಲ್ಲೇ ಕೂತುಬಿಡುತ್ತದೆ.

ದುಬೈನಲ್ಲಿರುವ ತಮ್ಮನ ಮಗ ಅಮೆರಿಕದ ಎರಕದ ಬಾಣಲೆಯೊಂದನ್ನು ಕೊಂಡು ರಜೆಯ ದಿನ ಸ್ಟೀಕ್ ಹುರಿಯುತ್ತಾನೆ. ಹೊಗೆಯಾಡುವಷ್ಟು ಕಾಸು, ಮಾಂಸದ ಪಸೆ ಒರೆಸಿ ಒಣಗಿಸು, ಹಾಕಿದ ಮೇಲೆ ಕದಲಿಸಬೇಡ, ತಾನೇ ಬಿಡುತ್ತದೆ ಎಂದು ಫೋನಿನಲ್ಲಿ ನನಗೇ ಪಾಠ. ಇಸ್ವಾಣಕ್ಕೂ ಇದೇ ಪಾಠ ಮಗಾ ಎಂದೆ. ಹೊರ್ಮುಜ್‌ಗೆ ಹೋದ ನಮ್ಮ ಕಬ್ಬಿಣದ ದಾರಿಯಲ್ಲೇ ಈಗ ಭಟ್ಕಳ, ಹೊನ್ನಾವರದ ಹುಡುಗರು ಹೋಗುತ್ತಾರೆ.

ಇತ್ತೀಚೆಗೆ ಎರಕದ ಬಂಡಿಯನ್ನು ಸಾವಿರಾರು ವರ್ಷಗಳ ಪರಂಪರೆ ಎಂದು ಹೇಳಿ ಮಾರುವುದು ಹೆಚ್ಚಾಗಿದೆ. ಆ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ನಮ್ಮ ಹಳೆಯ ಹೆಮ್ಮೆ ಬಡಿದ ಕಬ್ಬಿಣದ್ದು, ಕಮ್ಮಾರನದು. ಬಂಡಿ ಕೊಳ್ಳುವಾಗ ತೂಕ ನೋಡಿ, ತಳ ಸಮ ಇದೆಯೇ ನೋಡಿ, ಬೆರಳಿನಿಂದ ತಟ್ಟಿ ಬಿರುಕಿದೆಯೇ ಕೇಳಿ. ಉಳಿದ ಪರಂಪರೆಯನ್ನು ನಿಮ್ಮ ಒಲೆಯೇ ಮಾಡಿಕೊಡುತ್ತದೆ.