ಬೆನ್ನಿನ ನೋವು, ತಪ್ಪುವ ಹೆಜ್ಜೆ: ಚಿಕಿತ್ಸೆ ನಡೆದುಬಂದ ದಾರಿ

ಕಾಸರಗೋಡಿನ ಅನೇಕ ಮನೆಗಳು ಸಪಾಟು ನೆಲದಲ್ಲಿಲ್ಲ. ಗುಡ್ಡೆಯ ಬದಿಯಲ್ಲಿ ಮನೆ, ಕೆಳಗೆ ತೋಟ, ನಡುವೆ ತೋಡು, ತೋಡಿಗೆ ಅಡ್ಡ ಒಂದು ಸಂಕ. ಮಳೆಗಾಲದಲ್ಲಿ ಅಂಗಳಕ್ಕೆಲ್ಲ ಪಾಚಿ. ಅಡಿಕೆ ಹೆಕ್ಕಿ, ಕೆಂಪುಕಲ್ಲು ಹೊತ್ತು, ದಿನವಿಡೀ ಬಗ್ಗಿ ಕೂತು ಬೀಡಿ ಕಟ್ಟಿ ಸೊಂಟ ಹಿಡಿದುಕೊಂಡವರು ಇಲ್ಲಿ ಊರೂರಿನಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ನೋವಿನ ಜೊತೆಗೆ ಇನ್ನೊಂದು ತೊಂದರೆಯೂ ಇದೆ: ಹೆಜ್ಜೆ ಊರುವಾಗ ಮೈ ವಾಲುತ್ತದೆ, ತಿರುಗುವಾಗ ಗೋಡೆ ಹಿಡಿಯಬೇಕಾಗುತ್ತದೆ. ನೋವಿಗೆ ಎಲುಬಿನ ಡಾಕ್ಟರು, ತಲೆ ತಿರುಗುವುದಕ್ಕೆ ಕಿವಿಯ ಡಾಕ್ಟರು ಎಂದು ವೈದ್ಯಕೀಯವೂ ಬಹುಕಾಲ ಇವನ್ನು ಬೇರೆ ಬೇರೆಯಾಗಿಯೇ ನೋಡಿತು. ಎರಡನ್ನೂ ಒಟ್ಟಿಗೆ ನೋಡಬೇಕೆಂಬ ತಿಳಿವಳಿಕೆ ನಿಧಾನವಾಗಿ ಬಂದಿದೆ.

ಸಮತೋಲದ ಮೂರು ಆಧಾರ

ಬರ್ಲಿನ್ನಿನ ವೈದ್ಯ ಮೊರಿಟ್ಸ್ ರೊಂಬರ್ಗ್ 19ನೇ ಶತಮಾನದ ನಡುಭಾಗದಲ್ಲಿ ಒಂದು ಸರಳ ಸಂಗತಿಯನ್ನು ದಾಖಲಿಸಿದರು. ಬೆನ್ನುಹುರಿಯ ಹಿಂಭಾಗ ಹಾಳಾದ ರೋಗಿಗಳು ಕಣ್ಣು ತೆರೆದಿದ್ದಾಗ ನಿಲ್ಲಬಲ್ಲರು, ಕಣ್ಣು ಮುಚ್ಚಿದರೆ ವಾಲುತ್ತಾರೆ. ಕಾಲಿನ ಸ್ನಾಯು ಮತ್ತು ಸಂದುಗಳಿಂದ ಮೆದುಳಿಗೆ ಹೋಗಬೇಕಾದ ಸುದ್ದಿ ದಾರಿಯಲ್ಲೇ ನಿಂತುಹೋದದ್ದು ಇದಕ್ಕೆ ಕಾರಣ. ಈ ಒಳಸುದ್ದಿಗೆ 1906ರಲ್ಲಿ ಚಾರ್ಲ್ಸ್ ಶೆರಿಂಗ್‌ಟನ್ ಶಾಸ್ತ್ರೀಯ ನೆಲೆ ಒದಗಿಸಿದರು. ಒಳಕಿವಿಯ ಕೆಲಸವನ್ನು ವಿವರಿಸಿದ ರಾಬರ್ಟ್ ಬಾರಾನಿ ಅವರಿಗೆ 1914ರ ನೊಬೆಲ್ ಸಂದಿತು. ಒಳಕಿವಿ, ಕಣ್ಣು, ಸ್ನಾಯು-ಸಂದು-ಪಾದ ಈ ಮೂರರ ಸುದ್ದಿಯನ್ನು ಕೂಡಿಸಿಯೇ ಮೆದುಳು ದೇಹವನ್ನು ನಿಲ್ಲಿಸುತ್ತದೆ. ಒಂದು ಕೆಟ್ಟರೆ ಉಳಿದೆರಡನ್ನು ಹೆಚ್ಚು ನೆಚ್ಚಿಕೊಳ್ಳಲು ಮೆದುಳು ಕಲಿಯಬಲ್ಲದು. ಇಂದಿನ ಸಮತೋಲ ವ್ಯಾಯಾಮಗಳೆಲ್ಲ ಈ ಕಲಿಕೆಯ ಮೇಲೆಯೇ ನಿಂತಿವೆ.

ಕುತ್ತಿಗೆಯ ಮೇಲೆ ಬಂದ ಆರೋಪ

ಕುತ್ತಿಗೆಯ ಮೇಲ್ತುದಿಯ ಪುಟ್ಟ ಸ್ನಾಯುಗಳಲ್ಲಿ ಇಂತಹ ಸುದ್ದಿ ಕಳಿಸುವ ಗ್ರಾಹಕಗಳು ದಟ್ಟವಾಗಿವೆ. ಕುತ್ತಿಗೆಯ ತೊಂದರೆಯಿಂದಲೇ ತಲೆ ತಿರುಗಬಹುದು ಎಂದು ರಯಾನ್ ಮತ್ತು ಕೋಪ್ ಎಂಬ ವೈದ್ಯರು 1955ರಲ್ಲಿ ಮಂಡಿಸಿದ ವಾದ ಇಂದಿಗೂ ಚರ್ಚೆಯಲ್ಲಿದೆ. ಅದನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ. ಬೇರೆ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲೆ ಮಾತ್ರ ಹಾಗೆ ಹೇಳಬಹುದು. ಆದರೆ ರೂಢಿಯಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ವಯಸ್ಸಾದವರ ಎಕ್ಸ್‌ರೇಯಲ್ಲಿ ಕುತ್ತಿಗೆಯ ಸವೆತ ಕಾಣುವುದು ಸಾಮಾನ್ಯ. ಅದು ಕಂಡದ್ದೇ ತಡ, ತಲೆ ಸುತ್ತುವುದಕ್ಕೆಲ್ಲ ಸ್ಪಾಂಡಿಲೋಸಿಸ್ ಎಂಬ ಈ ಸವೆತವೇ ಕಾರಣವಾಯಿತು, ಕುತ್ತಿಗೆಗೆ ಪಟ್ಟಿ ಬಿತ್ತು.

ಈ ರೂಢಿಯನ್ನು ತಿದ್ದುವ ಅರಿವು ಎರಡು ಕಡೆಯಿಂದ ಬಂತು. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್, ಮಲಗಿ ಮಗ್ಗುಲಾದಾಗ ಮನೆಯೇ ತಿರುಗಿದಂತಾಗುವ ಒಳಕಿವಿಯ ತೊಂದರೆಯನ್ನು ಗುರುತಿಸುವ ಪರೀಕ್ಷೆ ಕೊಟ್ಟರು. ಒಳಕಿವಿಯ ಹರಳುಗಳು ಜಾಗ ತಪ್ಪಿ ಹೀಗಾಗುತ್ತದೆ. ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಸೇರಿಸುವ ವಿಧಾನವನ್ನು ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದರು. ಅದಕ್ಕೆ ಬೇಕಾದದ್ದು ಒಂದು ಮಂಚ, ಕೆಲವು ನಿಮಿಷ, ಕಲಿತ ಕೈ.

ಇನ್ನೊಂದು ಅರಿವು ಬೆನ್ನುಹುರಿಯದು. ಸವೆದ ಕುತ್ತಿಗೆಯ ಮೂಳೆ ಬೆನ್ನುಹುರಿಯನ್ನೇ ಒತ್ತಬಹುದೆಂದು 1950ರ ದಶಕದ ಆರಂಭದಲ್ಲಿ ರಸಲ್ ಬ್ರೇನ್ ಮತ್ತು ಸಂಗಡಿಗರು ತೋರಿಸಿದರು. ಇಲ್ಲಿ ನೋವು ಕಡಿಮೆಯೇ ಇರಬಹುದು. ಆದರೆ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತವೆ, ನಡೆಯುವಾಗ ಕಾಲು ಅಗಲಿಸಿ ಇಡಬೇಕಾಗುತ್ತದೆ. 1954ರಲ್ಲಿ ಹೆಂಕ್ ವರ್ಬಿಸ್ಟ್ ಸೊಂಟದ ನಾಳ ಕಿರಿದಾಗುವ ತೊಂದರೆಯನ್ನು ವಿವರಿಸಿದರು: ನಡೆದರೆ ಕಾಲು ಜೋಮು ಹಿಡಿಯುತ್ತದೆ, ಮುಂದೆ ಬಗ್ಗಿದರೆ ಅಥವಾ ಕೂತರೆ ಹಗುರವಾಗುತ್ತದೆ. ಬಿ12 ಜೀವಸತ್ವದ ಕೊರತೆಯೂ ಹುರಿಯನ್ನು ಕೆಡಿಸಿ ಹೆಜ್ಜೆ ತಪ್ಪಿಸುತ್ತದೆ. ಆದ್ದರಿಂದ ವ್ಯಾಯಾಮಕ್ಕೆ ಮುಂಚೆ ಸರಿಯಾದ ತಪಾಸಣೆ ಆಗಲೇಬೇಕು.

ಮಂಚದಿಂದ ಅಂಗಳಕ್ಕೆ

ಎರಡನೇ ಮಹಾಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದ ಸೈನಿಕರಿಗಾಗಿ ಬ್ರಿಟನ್ನಿನ ಕಾಥಾರ್ನ್ ಮತ್ತು ಕುಕ್ಸಿ ವ್ಯಾಯಾಮಗಳನ್ನು ರೂಪಿಸಿದರು. ಯಾವ ಚಲನೆ ತಲೆಸುತ್ತು ತರುತ್ತದೋ ಅದನ್ನೇ ಸ್ವಲ್ಪ ಸ್ವಲ್ಪವಾಗಿ ಮಾಡಿಸಿದರೆ ಮೆದುಳು ಹೊಂದಿಕೊಳ್ಳುತ್ತದೆ ಎಂಬುದು ಅವರ ಅನುಭವ. ಬೆನ್ನುನೋವಿನಲ್ಲಿ ಇಂತಹ ಬದಲಾವಣೆಗೆ ಇನ್ನೂ ನಾಲ್ಕು ದಶಕ ಬೇಕಾಯಿತು. ಬೆನ್ನುನೋವಿಗೆ ಎರಡು ದಿನದ ವಿಶ್ರಾಂತಿ ಏಳು ದಿನದ ವಿಶ್ರಾಂತಿಯಷ್ಟೇ ಫಲ ಕೊಡುತ್ತದೆಂದು 1986ರಲ್ಲಿ ರಿಚರ್ಡ್ ಡೇಯೊ ತಂಡ ತೋರಿಸಿತು. ನೋವಿನಲ್ಲಿ ಮೂಳೆಯ ಪಾಲಿನ ಜೊತೆ ಭಯ, ಕೆಲಸ, ಮನೆಯ ಪರಿಸ್ಥಿತಿಯ ಪಾಲೂ ಇದೆ ಎಂದು ಮರುವರ್ಷ ಗಾರ್ಡನ್ ವಾಡೆಲ್ ವಾದಿಸಿದರು.

ನೋವಿಗೂ ಸಮತೋಲಕ್ಕೂ ಇರುವ ನಂಟನ್ನು 1996ರ ಒಂದು ಅಧ್ಯಯನ ತೋರಿಸಿತು. ಕೈ ಎತ್ತುವ ಮುನ್ನವೇ ಹೊಟ್ಟೆಯ ಒಳಸ್ನಾಯು ಬಿಗಿದು ದೇಹವನ್ನು ಸಿದ್ಧಗೊಳಿಸುತ್ತದೆ. ಬೆನ್ನುನೋವಿನವರಲ್ಲಿ ಈ ಸಿದ್ಧತೆ ತಡವಾಗುತ್ತದೆ ಎಂದು ಹಾಜಸ್ ಮತ್ತು ರಿಚರ್ಡ್‌ಸನ್ ಕಂಡುಕೊಂಡರು. ಇದಕ್ಕೆ ಹೆದರಿಕೆಯೂ ಸೇರುತ್ತದೆ. ನೋವಾದೀತೆಂದು ಮೈ ಬಿಗಿಹಿಡಿಯುತ್ತಾರೆ, ಬಿದ್ದೇನೆಂದು ತೋಟಕ್ಕಿಳಿಯುವುದನ್ನು ಬಿಡುತ್ತಾರೆ. ನಡಿಗೆ ನಿಂತಂತೆ ಕಾಲಿನ ಬಲ ಕುಗ್ಗುತ್ತದೆ, ಬೀಳುವ ಸಾಧ್ಯತೆ ನಿಜಕ್ಕೂ ಹೆಚ್ಚುತ್ತದೆ. ನೋವಿಗೆ ಕೊಡುವ ಪ್ರಿಗಾಬಾಲಿನ್, ಅಮಿಟ್ರಿಪ್ಟಿಲಿನ್‌ನಂತಹ ಮಾತ್ರೆಗಳೇ ತಲೆ ತಿರುಗಿಸಬಹುದು. ತಲೆಸುತ್ತಿಗೆಂದು ತಿಂಗಳುಗಟ್ಟಲೆ ನುಂಗುವ ಪ್ರೊಕ್ಲೋರ್‌ಪೆರಾಝಿನ್ ಮೆದುಳಿನ ಹೊಂದಾಣಿಕೆಯನ್ನೇ ತಡೆಯಬಹುದು.

ಅಳೆಯುವ ಸಾಧನಗಳೂ ಸರಳವಾದವು. 1991ರ ಒಂದು ಪರೀಕ್ಷೆಗೆ ಕುರ್ಚಿ, ಗಡಿಯಾರ ಸಾಕು: ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ವಯಸ್ಸಾದವರಿಗೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಎಚ್ಚರ ಬೇಕು. ಹಳೆಯ ಸೊಂಟನೋವಿಗೆ ವ್ಯಾಯಾಮ ಮತ್ತು ತಿಳಿವಳಿಕೆ ನೀಡಲು 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿತು. ಸೊಂಟಪಟ್ಟಿ, ಎಳೆತದ ಚಿಕಿತ್ಸೆಯನ್ನು ವಾಡಿಕೆಯಾಗಿ ಬಳಸಬಾರದೆಂದಿತು.

ಕಾಸರಗೋಡಿಗೆ ತಲುಪಿದ್ದೆಷ್ಟು?

1984ರಲ್ಲಿ ಜಿಲ್ಲೆಯಾದ ಕಾಸರಗೋಡು ದೊಡ್ಡ ಚಿಕಿತ್ಸೆಗೆ ಮಂಗಳೂರನ್ನೇ ನಂಬಿಕೊಂಡು ಬಂದಿದೆ. ಗೇರು ತೋಟಗಳಿಗೆ ಎರಡು ದಶಕ ಎಂಡೋಸಲ್ಫಾನ್ ಕೀಟನಾಶಕ ಸುರಿದು ಜನ ರೋಗಕ್ಕೆ ತುತ್ತಾದ ಮೇಲೆ ಚಿಕಿತ್ಸೆಯ ಈ ಕೊರತೆ ಕಣ್ಣಿಗೆ ರಾಚಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಎಚ್ಚರಿಸಿದ ಆ ದುರಂತ, ನರರೋಗ ತಜ್ಞರೂ ಫಿಸಿಯೋಥೆರಪಿಯೂ ಜಿಲ್ಲೆಗೆ ಎಷ್ಟು ಅಗತ್ಯವೆಂದು ತೋರಿಸಿತು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರೂ ಕೆಲಸ ಮುಗಿದಿರಲಿಲ್ಲ; 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೊರಟ ರೋಗಿಗಳು ದಾರಿಯಲ್ಲೇ ಸಿಲುಕಿದರು.

ಆದರೂ ಕೈಯಲ್ಲಿರುವುದು ಕಡಿಮೆಯೇನಲ್ಲ. 1999ರಲ್ಲಿ ಆರಂಭವಾದ ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲು ರೋಗಕ್ಕೆ ಆಧುನಿಕ ವೈದ್ಯ, ಆಯುರ್ವೇದ, ಯೋಗ ಕೂಡಿಸಿದ ಚಿಕಿತ್ಸೆ ರೂಪಿಸಿ, ಆರೈಕೆಯನ್ನು ಮನೆಯವರಿಗೆ ಕಲಿಸಿತು. ರೋಗ ಬೇರೆಯಾದರೂ ಮನೆಯಲ್ಲೇ ನಿತ್ಯ ಮಾಡುವ ಅಭ್ಯಾಸ ಫಲಿಸುತ್ತದೆಂಬ ಪಾಠ ಬೆನ್ನಿಗೂ ಒಪ್ಪುತ್ತದೆ. ಕೇರಳ 2008ರಲ್ಲಿ ಉಪಶಾಮಕ ಆರೈಕೆಯ ನೀತಿ ತಂದಿತು. ಅದರಿಂದ ಪಂಚಾಯತಿನ ದಾದಿಯರು ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ಮರದಿಂದ ಬಿದ್ದು ಬೆನ್ನು ಮುರಿಯುವುದನ್ನು ತಡೆಯುವ ಕೆಲಸವೂ ಸಾಗಿದೆ: ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದಲ್ಲಿ ಮರ ಹತ್ತುವ ತರಬೇತಿ ಕೊಟ್ಟಿತು, ಈಚೆಗೆ ಕಾರ್ಬನ್ ಫೈಬರಿನ ದೋಟಿ ನೆಲದಲ್ಲಿ ನಿಂತೇ ಅಡಿಕೆ ಕೊಯ್ಯಲು, ಮದ್ದು ಬಿಡಲು ನೆರವಾಗಿದೆ.

ಮನೆಯಲ್ಲಿ ಮಾಡಬಹುದಾದದ್ದು

ತಪಾಸಣೆ ಮುಗಿದವರು ಜಗಲಿಯ ಕಂಬ ಹಿಡಿದು ಒಂದರ ಮುಂದೊಂದು ಪಾದವಿಟ್ಟು ನಿಲ್ಲುವುದು, ಕುರ್ಚಿಯಿಂದ ಎದ್ದು ಕೂರುವುದು, ನಡೆಯುತ್ತ ಮೆಲ್ಲನೆ ತಲೆ ತಿರುಗಿಸುವುದು ಹೀಗೆ ದಿನವೂ ಸ್ವಲ್ಪ ಮಾಡಬೇಕು. ಮೊದಮೊದಲು ಪಕ್ಕದಲ್ಲಿ ಒಬ್ಬರಿರಲಿ. ಒಂದು ಕಾಲಿಗೆ ನೋವಿದ್ದರೆ ಊರುಗೋಲು ಎದುರು ಕೈಯಲ್ಲಿರಬೇಕು. ಮಳೆಗಾಲದ ಅಂಗಳಕ್ಕೆ ಸೋಗೆ ಹಾಸುವ ಹಳೆಯ ಕ್ರಮ, ಬಚ್ಚಲಿಗೆ ಹಿಡಿಕೆ, ರಾತ್ರಿಗೆ ಬೆಳಕು, ಸಂಕಕ್ಕೊಂದು ಕೈತಾಂಗು ಇವೂ ಚಿಕಿತ್ಸೆಯ ಭಾಗಗಳೇ. ಕಾಲಿನ ಬಲ ದಿನದಿಂದ ದಿನಕ್ಕೆ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಮಾತು ತೊದಲಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಈ ವಿದ್ಯೆಗೆ ದುಬಾರಿ ಯಂತ್ರ ಬೇಡ, ಕಲಿಸುವವರು ಹತ್ತಿರದಲ್ಲಿರಬೇಕು. ಮನೆಮನೆಗೆ ಹೋಗುವ ದಾದಿಯರಿಗೆ ಸಮತೋಲದ ಪರೀಕ್ಷೆ ಕಲಿಸಬಹುದು. ಪ್ರತಿ ಕುಟುಂಬ ಆರೋಗ್ಯ ಕೇಂದ್ರದಲ್ಲೂ ವಾರಕ್ಕೊಂದು ದಿನವಾದರೂ ಫಿಸಿಯೋಥೆರಪಿಸ್ಟ್ ಸಿಗಬೇಕು. ಕನ್ನಡ ಶಾಲೆಯಲ್ಲಿ ಓದಿದ ಇಲ್ಲಿನ ಹಿರಿಯರ ಕೈಗೆ ಮಲಯಾಳದ ಚೀಟಿ ಕೊಟ್ಟರೆ ಪ್ರಯೋಜನವಿಲ್ಲ. ವ್ಯಾಯಾಮದ ಹಾಳೆ ಕನ್ನಡದಲ್ಲೂ ಬರಬೇಕು. ಒಂದೂವರೆ ಶತಮಾನಕ್ಕೂ ಹೆಚ್ಚಿನ ಅರಿವು ಪುಸ್ತಕಗಳಲ್ಲಿ ಸಿದ್ಧವಾಗಿದೆ. ಅದನ್ನು ಗುಡ್ಡೆಯ ಮೇಲಿನ ಮನೆಗೆ ಮುಟ್ಟಿಸುವ ಹೊಣೆಯನ್ನು ಪಂಚಾಯತುಗಳು, ಆರೋಗ್ಯ ಇಲಾಖೆ ಈಗಲೇ ಹೊರಬೇಕು.