ಒಂದು ಸ್ಥಾನ, ಇಬ್ಬರು ನಿಪುಣರು



ತಾಳವಾಡಿ ಸೀಮೆಯ ನಮಗೆ ಚಾಮರಾಜನಗರವೂ ನೆರೆ, ದಿಂಬಂ ಘಾಟಿಯ 27 ತಿರುವು ಇಳಿದರೆ ಸಿಗುವ ಸತ್ಯಮಂಗಲವೂ ನೆರೆ. ಹಾಗಾಗಿ ಇಂದಿನ ಕಥೆಯಲ್ಲಿ ನಾವು ಯಾರ ಪಕ್ಷ ಹಿಡಿಯಬೇಕು ಎನ್ನುವುದೇ ಕಷ್ಟ. ಒಬ್ಬರು ಬೆಂಗಳೂರಿನ ಎರಪಳ್ಳಿ ಪ್ರಸನ್ನ, ಇನ್ನೊಬ್ಬರು ಮದರಾಸಿನ ವೆಂಕಟರಾಘವನ್. ಇಬ್ಬರೂ ಎಂಜಿನಿಯರಿಂಗ್ ಓದಿದವರು, ಇಬ್ಬರೂ ಆಫ್ ಸ್ಪಿನ್ ಬೌಲರುಗಳು. ಭಾರತ ತಂಡದಲ್ಲಿ ಆ ಕೆಲಸಕ್ಕೆ ಇದ್ದದ್ದು ಸಾಮಾನ್ಯವಾಗಿ ಒಂದೇ ಸ್ಥಾನ.

ಪ್ರಸನ್ನರದು ಜೂಜುಕೋರನ ಧೈರ್ಯ. ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟು, ಎರಡು ಬೌಂಡರಿ ಕೊಟ್ಟರೂ ಮೂರನೆಯದಕ್ಕೆ ಬ್ಯಾಟುಗಾರನನ್ನು ಕೆಡವುವ ಹಟ. ವೆಂಕಟರಾಘವನ್ ರನ್ ಬಿಗಿಹಿಡಿಯುವವರು, ಬ್ಯಾಟಿನ ಹತ್ತಿರ ನಿಂತು ಒಳ್ಳೆಯ ಕ್ಯಾಚ್ ಹಿಡಿಯುವವರು, ಬ್ಯಾಟಿನಲ್ಲೂ ಕೈಲಾದಷ್ಟು ಸೇರಿಸುವವರು. ಮೈದಾನದಲ್ಲಿ ಬೇಗ ಸಿಡುಕುತ್ತಾರೆ ಎಂಬ ಹೆಸರೂ ಇತ್ತು.

ನಾಯಕ ಪಟೌಡಿ ಪ್ರಸನ್ನರನ್ನು ನಂಬಿದರು. 1967–68ರಲ್ಲಿ ನ್ಯೂಜಿಲೆಂಡಿನಲ್ಲಿ ಭಾರತ 3–1ರಿಂದ ಗೆದ್ದಿತು. ಅದು ಹೊರದೇಶದಲ್ಲಿ ನಮ್ಮ ಮೊದಲ ಸರಣಿ ಗೆಲುವು. ಅಲ್ಲಿ ಪ್ರಸನ್ನ 24 ವಿಕೆಟ್ ಪಡೆದರು.

1971ರಲ್ಲಿ ನಾಯಕತ್ವ ವಾಡೇಕರ್ ಕೈಗೆ ಬಂತು, ವೆಂಕಟರಾಘವನ್ ಉಪನಾಯಕರಾದರು. ವೆಸ್ಟ್ ಇಂಡೀಸಿನಲ್ಲಿ ಅವರು 22 ವಿಕೆಟ್ ತೆಗೆದರು. ಇಂಗ್ಲೆಂಡಿನ ಮೂರು ಟೆಸ್ಟುಗಳಲ್ಲಿ ಪ್ರಸನ್ನ ಒಂದನ್ನೂ ಆಡಲಿಲ್ಲ. ಎರಡೂ ಸರಣಿಗಳನ್ನು ಭಾರತ ಗೆದ್ದಿತು. ಲೆಕ್ಕ ನೋಡಿದರೆ ವಾಡೇಕರ್ ಮಾಡಿದ್ದು ಸರಿ. ಆದರೆ ಗೆದ್ದ ತಂಡದಲ್ಲಿ ಬೆಂಚಿನ ಮೇಲೆ ಕುಳಿತವನ ಸಂಕಟ ಸ್ಕೋರುಪಟ್ಟಿಯಲ್ಲಿ ಕಾಣುವುದಿಲ್ಲ.

ಕಾಲಚಕ್ರ ಉರುಳಿತು. 1974ರ ಡಿಸೆಂಬರಿನಲ್ಲಿ ಪಟೌಡಿ ಗಾಯಗೊಂಡಾಗ ವೆಂಕಟರಾಘವನ್ ದೆಹಲಿ ಟೆಸ್ಟಿಗೆ ನಾಯಕರಾದರು. ಮುಂದಿನ ಕಲ್ಕತ್ತ ಟೆಸ್ಟಿನಲ್ಲಿ ಹನ್ನೊಂದು ಮಂದಿಯೊಳಗೆ ಅವರೇ ಇರಲಿಲ್ಲ! ನಿನ್ನೆ ಯಜಮಾನ, ಇಂದು ನೀರು ಕೊಡುವವ. ಬೆಂಗಳೂರಿನವರ ನೋವು ಮದರಾಸಿನವರಿಗೂ ಅರ್ಥವಾದ ದಿನ ಅದು.

ಇಷ್ಟಾದರೂ ಇಬ್ಬರೂ ಆಟ ಬಿಟ್ಟು ಹೋಗಲಿಲ್ಲ. ಪ್ರಸನ್ನ ಕರ್ನಾಟಕದ ನಾಯಕರಾಗಿ 1974ರ ಮಾರ್ಚಿನಲ್ಲಿ, ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು ಬೆಂಗಳೂರಿನ ಸೆಮಿಫೈನಲಿನಲ್ಲಿ ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ತಡೆದರು. ಫೈನಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ಪು ತಂದರು. ಚಂದ್ರಶೇಖರ್, ವಿಶ್ವನಾಥ್, ಬ್ರಿಜೇಶ್ ಪಟೇಲ್ ಅಂಥವರನ್ನು ಒಟ್ಟಿಗೆ ನಡೆಸುವುದು ಸಣ್ಣ ಕೆಲಸವಲ್ಲ. ಹೊರಗೆ ಕುಳಿತವನ ಮನಸ್ಸು ಆ ನಾಯಕನಿಗೆ ಸ್ವಂತ ಅನುಭವದಿಂದ ಗೊತ್ತಿತ್ತು. ಇತ್ತ ವೆಂಕಟರಾಘವನ್ 1975 ಮತ್ತು 1979ರ ವಿಶ್ವಕಪ್ಪುಗಳಲ್ಲಿ ಭಾರತದ ನಾಯಕರಾದರು. ಆಮೇಲೆ ಆ ಸಿಡುಕಿನ ಮನುಷ್ಯನೇ ಅಂಪೈರಾಗಿ 73 ಟೆಸ್ಟುಗಳಲ್ಲಿ ತಾಳ್ಮೆಯಿಂದ ನಿಂತರು.

ಕೊನೆಯ ಲೆಕ್ಕ: ಪ್ರಸನ್ನ 49 ಟೆಸ್ಟುಗಳಲ್ಲಿ 189 ವಿಕೆಟ್, ವೆಂಕಟರಾಘವನ್ 57ರಲ್ಲಿ 156.

ನಮ್ಮೂರ ತಂಡದಲ್ಲೂ ಇಂಥವರು ಇರುತ್ತಾರೆ. ಚೆನ್ನಾಗಿ ಆಡುವವನು ಹೇಳಿದ ಮಾತು ಕೇಳುವುದಿಲ್ಲ; ಮಾತು ಕೇಳುವವನು ಅಷ್ಟು ಚೆನ್ನಾಗಿ ಆಡುವುದಿಲ್ಲ. ಒಬ್ಬನನ್ನು ಬಿಡಲೇಬೇಕಾಗುತ್ತದೆ. ಬಿಡುವುದು ತಪ್ಪಲ್ಲ. ಆದರೆ ಪಟ್ಟಿ ಓದುವ ಮೊದಲು ಅವನ ಪಕ್ಕ ಕುಳಿತು, ಏಕೆ ಬಿಟ್ಟೆವು ಎಂದು ಕನ್ನಡದಲ್ಲೋ ತಮಿಳಿನಲ್ಲೋ ಎರಡು ಮಾತು ಹೇಳಿ. ಮುಂದಿನ ಭಾನುವಾರ ಅವನು ಮೈದಾನಕ್ಕೆ ಬರುವುದು ಆ ಎರಡು ಮಾತಿನ ಮೇಲೆ ನಿಂತಿದೆ.