ಒಂಟಿಗಾಲಿನ ಪಾಠ

ಕುಂಟೆಬಿಲ್ಲೆ ಆಡುವಾಗ ನೀವು ಒಂಟಿಗಾಲಿನಲ್ಲಿ ಸಲೀಸಾಗಿ ಕುಪ್ಪಳಿಸುತ್ತೀರಿ. ನಿಮ್ಮ ಅಜ್ಜಿಗೋ ಹೊಸ್ತಿಲು ದಾಟುವುದೇ ಕಷ್ಟ. ಈ ಅಂತರವೇಕೆ?

ಕಣ್ಣು, ಒಳಕಿವಿ, ಕಾಲಿನ ಸ್ನಾಯು ಮತ್ತು ಕೀಲುಗಳು ಕಳಿಸುವ ಸುದ್ದಿಯನ್ನು ಮಿದುಳು ಹೊಂದಿಸಿಕೊಂಡಾಗಲೇ ದೇಹ ಸಮತೋಲನದಲ್ಲಿ ನಿಲ್ಲುತ್ತದೆ. 19ನೆಯ ಶತಮಾನದ ನಡುಭಾಗದಲ್ಲಿ ಬರ್ಲಿನ್ನಿನ ವೈದ್ಯ ಮೊರಿಟ್ಸ್ ರೋಂಬರ್ಗ್, ಬೆನ್ನುಹುರಿಯ ಬೇನೆಯುಳ್ಳವರು ಕಣ್ಣು ಮುಚ್ಚಿ ನಿಂತರೆ ತೂರಾಡುವುದನ್ನು ದಾಖಲಿಸಿದರು. ಅವರ ಹೆಸರಿನ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಮುಪ್ಪಿನಲ್ಲಿ ಬೀಳುವುದು ಸಹಜ, ಮೂಲೆಯಲ್ಲಿ ಕೂರುವುದೇ ಕ್ಷೇಮ ಎಂದು ಜನ ಬಹುಕಾಲ ನಂಬಿದ್ದರು. ಆದರೆ ಕೂತಷ್ಟೂ ಕಾಲು ಸೋಲುತ್ತದೆ; ಕಾಲು ಸೋತಷ್ಟೂ ಭಯ ಹೆಚ್ಚುತ್ತದೆ.

ಚೀನಾದಲ್ಲಿ 1956ರಲ್ಲಿ ಹಳೆಯ ತಾಯ್ ಚೀ ಕಲೆಯನ್ನು ಜನಸಾಮಾನ್ಯರಿಗಾಗಿ 24 ಭಂಗಿಗಳಿಗೆ ಸರಳಗೊಳಿಸಲಾಯಿತು. ಅದರ ನಿಧಾನ ಚಲನೆಗಳು ವೃದ್ಧರು ಬೀಳುವುದನ್ನು ತಗ್ಗಿಸಬಲ್ಲವೆಂದು ಅಮೆರಿಕದ ಅಟ್ಲಾಂಟಾದಲ್ಲಿ ನಡೆದ ಅಧ್ಯಯನವೊಂದು 1996ರಲ್ಲಿ ತಿಳಿಸಿತು. ಮರುವರ್ಷ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರ ವರದಿ ಪ್ರಕಟವಾಯಿತು. 80 ದಾಟಿದ 233 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮನೆಯಲ್ಲೇ ಕಾಲಿಗೆ ಬಲ ಕೊಡುವ ಮತ್ತು ಸಮತೋಲನ ಕಲಿಸುವ ವ್ಯಾಯಾಮ ಹೇಳಿಕೊಡಲಾಗಿತ್ತು. ಒಂದು ವರ್ಷದಲ್ಲಿ ವ್ಯಾಯಾಮ ಮಾಡಿದವರು ಬಿದ್ದದ್ದು 88 ಬಾರಿ. ಉಳಿದವರು 152 ಬಾರಿ. ಎಂಬತ್ತರಲ್ಲೂ ದೇಹ ಕಲಿಯಬಲ್ಲದು!

ಇಂದು ಸಂಜೆ ಅಜ್ಜಿಯ ಪಕ್ಕ ನಿಲ್ಲಿರಿ. ಅವರು ಅಡುಗೆಮನೆಯ ಕಟ್ಟೆ ಹಿಡಿದು ಒಂದು ಪಾದದ ಮುಂದೆ ಇನ್ನೊಂದನ್ನು ಇಡಲಿ. ತಲೆಸುತ್ತು ಇದ್ದರೆ ಮೊದಲು ವೈದ್ಯರನ್ನು ಕೇಳಿರಿ. ಕುಂಟೆಬಿಲ್ಲೆ ಅವರಿಗೂ ಒಂದು ಕಾಲದ ಆಟವೇ. ಈಗ ಅವರಿಗೆ ಬೇಕಿರುವುದು ಜೊತೆಗಾರರು.